ನಮ್ಮತ್ತೆಯ ‘ಎಲ್ಲಿತನಕ?’

ನಮ್ಮ ಅತ್ತೆಯ ಎದುರು ಬಾಯಿ ತಪ್ಪಿಯೂ ‘ಯಾವಾಗಲೂ’ ಎಂಬ ಮಾತನ್ನು ಆಡಬಾರದು. ಆಡಿದಿರೋ, ಕೆಟ್ಟಿರಿ! ‘ಎಂದೆಂದಿಗೂ’, ‘ಎಷ್ಟು ಬೇಕಾದರೂ’, ‘ಎಲ್ಲರೂ’ ಇವೆಲ್ಲವೂ ಅದೇ ಅಪಾಯದ ಗುಂಪಿಗೆ ಸೇರಿದ ಮಾತುಗಳು. ನೀವು ಸುಮ್ಮನೆ ಸೌಜನ್ಯಕ್ಕೆ, "ನಮ್ಮ ಮನಿ ಬಾಗ್ಲು ನಿಮ್ಗೆ ಯಾವಾಗ್ಲೂ ತೆರದೇ ಇರ್ತೈತ್ರಿ" ಎಂದಿರಿ ಅನ್ನಿ. ಬೇರೆಯವರಾಗಿದ್ದರೆ ನಕ್ಕು, ಕೈಮುಗಿದು ಹೊರಡುತ್ತಿದ್ದರು. ನಮ್ಮತ್ತೆ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಬಹಳ ಮರ್ಯಾದೆಯಿಂದ ಕೇಳುತ್ತಿದ್ದಳು: "ಎಲ್ಲಿತನಕ?"

ಜಗಳ ತೆಗೆಯುವ ಉದ್ದೇಶ ಅವಳಿಗೆ ಖಂಡಿತ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆ, ಅಷ್ಟೇ. ಅವಳು ದಾವಣಗೆರೆಯ ಒಂದು ಚಿಕ್ಕ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎಸ್ಸಿ.ಯವರಿಗೆ ಗಣಿತ ಹೇಳುತ್ತಿದ್ದಳು. ಗಣಿತದಲ್ಲೂ ಅವಳ ಜೀವವೆಲ್ಲ ಇದ್ದದ್ದು ಒಂದೇ ಪಾಠದಲ್ಲಿ, ಘಾತ ಶ್ರೇಣಿಯ ಪಾಠದಲ್ಲಿ. ಹೆದರಬೇಡಿ, ನಾನು ಪಾಠ ಮಾಡುವುದಿಲ್ಲ! ಮಾಡಿದರೂ ಸ್ವಲ್ಪವೇ ಮಾಡುತ್ತೇನೆ. ಒಂದನ್ನು ‘ಒಂದು ಕಳೆ ಎಕ್ಸ್’ನಿಂದ ಭಾಗಿಸಬೇಕು ಎಂದುಕೊಳ್ಳಿ. ನೋಡಲು ಪುಟ್ಟ ಗಂಟು. ಬಿಚ್ಚಿದರೆ ಒಂದು, ಅದಕ್ಕೆ ಎಕ್ಸ್, ಅದಕ್ಕೆ ಎಕ್ಸ್ ವರ್ಗ, ಅದಕ್ಕೆ ಎಕ್ಸ್ ಘನ ಎಂದು ಕೂಡಿಸುತ್ತಲೇ ಹೋಗುವ, ಮುಗಿಯದ ಸಾಲಾಗಿ ಹರಡಿಕೊಳ್ಳುತ್ತದೆ. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಆದರೆ ಎಕ್ಸ್ ಇರುವ ಕಡೆ ಯಾವ ಸಂಖ್ಯೆ ಹಾಕಿದರೆ ಮೊತ್ತ ಒಂದು ಕಡೆ ಬಂದು ನಿಲ್ಲುತ್ತದೆ, ಯಾವುದನ್ನು ಹಾಕಿದರೆ ಅಂಕೆ ಮೀರಿ ಓಡುತ್ತದೆ ಎಂದು ಮೊದಲು ವಿಚಾರಿಸಬೇಕು. ವಿಚಾರಿಸದೆ ಹಾಕುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಲೆಕ್ಕದಲ್ಲಿ ಕೇಳಿ ಕೇಳಿ ಅಭ್ಯಾಸವಾದದ್ದು, ನೋಡಿ, ಸಂಸಾರಸ್ಥರ ಮಾತಿಗೂ ಅಂಟಿಕೊಂಡುಬಿಟ್ಟಿತು.

ಇದರ ಮೊದಲ ಬಲಿ ನಮ್ಮಪ್ಪ, ಅಂದರೆ ಅವಳ ಸ್ವಂತ ಅಣ್ಣ. ಮಂಡಿಪೇಟೆಯಲ್ಲಿ ಕೆಳಗೆ ಅಪ್ಪನ ಬೆಲ್ಲದ ಸಗಟು ಅಂಗಡಿ, ಮೇಲೆ ನಮ್ಮೆಲ್ಲರ ಮನೆ. ಮದುವೆಯಾಗದ ಅತ್ತೆಯೂ ನಮ್ಮೊಂದಿಗೇ ಇದ್ದಳು. ಒಂದು ದಿನ ಹೊರಗಿನ ಊರಿನ ವ್ಯಾಪಾರಿಯೊಬ್ಬರು ಬೆಲ್ಲದ ಪೆಂಟೆಯನ್ನು ಮೂಸುತ್ತಾ ನಿಂತಿದ್ದರು. ಅಪ್ಪ ಎದೆ ಉಬ್ಬಿಸಿ, "ಎಷ್ಟು ದಿನ ಇಟ್ರೂ ಈ ಬೆಲ್ಲ ನೀರೊಡಿಯಲ್ರಿ ಸಾವ್ಕಾರ್ರೆ" ಎನ್ನುತ್ತಿದ್ದರು. ಅದೇ ಹೊತ್ತಿಗೆ ಅತ್ತೆ ಕಾಲೇಜಿಗೆ ಹೊರಟು ಮೆಟ್ಟಿಲು ಇಳಿಯಬೇಕೇ!

"ಎಲ್ಲಿತನಕ ಅಣ್ಣಾ?"

ಅಪ್ಪ ಕೇಳಿಸದವರಂತೆ ನಿಂತರು. ಆದರೆ ವ್ಯಾಪಾರಿಗೆ ಕೇಳಿಸಿತ್ತು. "ಹೌದಲ್ಲ, ಎಲ್ಲಿತನಕ್ರಿ?" ಎಂದು ಅವರೂ ಕೇಳಿದರು.

"ಮಳೆಗಾಲದ ತನಕ" ಎಂದರು ಅಪ್ಪ, ಬೇರೆ ದಾರಿಯಿಲ್ಲದೆ.

"ಮಳೆ ನಾಳೆನೋ ನಾಡಿದ್ದೋ ಸುರುವಾಗ್ತೈತಲ್ರಿ!" ಎಂದು ವ್ಯಾಪಾರಿ ಎದುರು ಅಂಗಡಿಗೆ ನಡೆದರು.

ಅವತ್ತೇ ಅಪ್ಪ ಒಂದು ಕಾನೂನು ಮಾಡಿದರು. "ನೋಡವ್ವಾ, ಇನ್ ಮ್ಯಾಲೆ ಯಾವಾಗ್ಲೂ ನೀನು ಹಿತ್ಲ ಮೆಟ್ಲಿಂದಾನೇ ಇಳೀಬೇಕು." ಹೇಳಿ ನಾಲಿಗೆ ಕಚ್ಚಿಕೊಂಡರು. ತಡವಾಗಿತ್ತು. "ಎಲ್ಲಿತನಕ?" ಎಂದಳು ಅತ್ತೆ. "ನಾನು ಸಾಯೋತನಕ!" ಎಂದು ಅಪ್ಪ ಕೂಗಿದ ಕೂಗು ಬೀದಿಯ ಹಮಾಲರಿಗೆಲ್ಲ ಕೇಳಿಸಿತು. ಅತ್ತೆಗೆ ಮಾತ್ರ ಪೂರ್ತಿ ಸಮಾಧಾನವಾಯಿತು. ಎಲ್ಲೆ ಸ್ಪಷ್ಟವಾಗಿತ್ತಲ್ಲ!

ಅವಳಿಗೆ ಯಾಕೆ ಮದುವೆಯಾಗಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆನೆಕೊಂಡದಲ್ಲಿದ್ದ ನಮ್ಮ ಅಜ್ಜಿ ಈ ಕಥೆಯನ್ನು ಪ್ರತಿ ಸಲವೂ ಹಣೆ ಚಚ್ಚಿಕೊಂಡೇ ಹೇಳುತ್ತಿದ್ದಳು. ಹರಿಹರದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತಂತೆ. ಗಂಡು ನೌಕರಿಯಲ್ಲಿದ್ದ, ನೋಡಲು ಲಕ್ಷಣವಾಗಿದ್ದ. ಉಪ್ಪಿಟ್ಟು ಆಯಿತು, ಕೇಸರಿಬಾತು ಆಯಿತು. ಎಲ್ಲ ಸುಸೂತ್ರವಾಗಿ ಮುಗಿಯುವ ಹೊತ್ತಿಗೆ ಗಂಡಿನ ಮಾವ, "ನಮ್ಮ ಹುಡುಗ ಹುಟ್ಟಿದಾಗಿಂದ ಒಂದಿನಾನೂ ಸಿಟ್ಟಾಗಿಲ್ರಿ, ಎಂದೂ ಸಿಟ್ಟಾಗೋದೂ ಇಲ್ಲ" ಎಂದುಬಿಟ್ಟರು.

ತಲೆ ತಗ್ಗಿಸಿ ಕೂತಿದ್ದ ಮದುವಣಗಿತ್ತಿ ತಲೆ ಎತ್ತಿದಳು. "ಎಲ್ಲಿತನಕ್ರಿ?"

"ಇದೇನ್ರಿ ಇದು ಪ್ರಶ್ನೆ! ಮರ್ಯಾದಿ ಬ್ಯಾಡೇನ್ರಿ ಹೆಣ್ಣುಮಕ್ಳಿಗೆ!" ಎಂದು ಆ ಶಾಂತಮೂರ್ತಿ ಗಂಡೇ ಎದ್ದು ನಿಂತು ಗುಡುಗಿದ.

"ಗೊತ್ತಾತು ಬಿಡ್ರಿ" ಎಂದು ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಅಳುತ್ತಿದ್ದರೆ ಅವಳು ಉಳಿದಿದ್ದ ಕೇಸರಿಬಾತನ್ನು ನೆಮ್ಮದಿಯಿಂದ ತಿಂದಳಂತೆ. ಈ ಕಥೆ ಕೇಳಿದಾಗಲೆಲ್ಲ ಮನೆಯವರು ಅಯ್ಯೋ ಪಾಪ ಎನ್ನುತ್ತಿದ್ದರು. ನನಗೋ, ಎದ್ದು ಚಪ್ಪಾಳೆ ತಟ್ಟಬೇಕು ಎನ್ನಿಸುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಾನೂ ಅವಳ ಕಾಲೇಜಿಗೇ ಸೇರಿದೆ. ಮನೆಯಲ್ಲಿ ಅತ್ತೆ, ತರಗತಿಯಲ್ಲಿ ಮೇಡಂ. ಒಮ್ಮೆ ಮರೆತು ತರಗತಿಯಲ್ಲಿ "ಅತ್ತೆ, ಡೌಟು" ಎಂದಿದ್ದಕ್ಕೆ ಇಡೀ ವರ್ಷ ಹುಡುಗಿಯರೆಲ್ಲ ಅವಳನ್ನು ಬೆನ್ನ ಹಿಂದೆ ಅತ್ತೆ ಎಂದೇ ಕರೆದರು. ಗಣಿತ ತೆಗೆದುಕೊಂಡಿದ್ದವರು ಎಷ್ಟು ಮಹಾ ಮಂದಿ! ಎಲ್ಲರೂ ಒಟ್ಟಿಗೆ ಒಂದು ಟಾಂಗಾದಲ್ಲಿ ಕೂತರೆ ಕುದುರೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಅಷ್ಟು ಮಂದಿಯನ್ನೂ ಅವಳು ಒಂದು ಸಂಜೆ ಬೆಣ್ಣೆದೋಸೆಯ ಹೋಟೆಲಿಗೆ ಕರೆದುಕೊಂಡು ಹೋದಳು. ಪಾಠ ಅಲ್ಲೇ! ತನ್ನ ತಟ್ಟೆಗೆ ಎರಡು ದೋಸೆ ಹಾಕಿಸಿಕೊಂಡಳು. ಮೊದಲು ಒಂದನ್ನು ತಿಂದಳು. ಆಮೇಲೆ ಉಳಿದದ್ದರಲ್ಲಿ ಅರ್ಧ. ಮತ್ತೆ ಉಳಿದದ್ದರಲ್ಲಿ ಅರ್ಧ. ಹೀಗೆ ಅರ್ಧ ಮಾಡಿ ಮಾಡಿ, ಕೊನೆಗೆ ಅಂಗುಲದಷ್ಟು ದೋಸೆಯ ಮುಂದೆ ಧ್ಯಾನಸ್ಥಳಾಗಿ ಕೂತಳು. ಹೊರಗೆ ಜನ ಕಾಯುತ್ತಿದ್ದರು. ವಯಸ್ಸಾದ ಸಪ್ಲೈಯರು ಬಂದು, "ತಟ್ಟಿ ತೆಗೀಲೇನ್ರಿ ಮೇಡಂ?" ಎಂದ.

"ಇನ್ನೂ ಐತಲ್ಲಪ್ಪ."

"ತಿಂದ್ಬಿಡ್ರಲ್ಲ ಅತ್ಲಾಗೆ!"

"ಹಂಗೆ ತಿನ್ನಾಕೆ ಬರಲ್ಲಪ್ಪ. ಅರ್ಧ ಅರ್ಧ ತಿಂದ್ರೆ ಎರಡು ದೋಸೆ ಹತ್ರ ಹತ್ರ ಹೋಗ್ತೀವಿ, ದಾಟಲ್ಲ. ಇದಕ್ಕ ಕನ್ವರ್ಜ್ ಆಗೋದು ಅಂತಾರೆ" ಎಂದು ಅವನಿಗೂ ಪಾಠ ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಈಗ ಅರ್ಧದ ಬದ್ಲು ಎರಡು ಹಾಕ್ರಿ ನೋಡನ. ಮೊದ್ಲು ಒಂದು ದೋಸೆ, ಆಮೇಲೆ ಎರಡು, ಆಮೇಲೆ ನಾಕು, ಎಂಟು, ಹದಿನಾರು. ಕೂಡಿಸ್ತಾ ಹೋಗ್ರಿ. ನಮ್ಮ ಸೂತ್ರದ ಪ್ರಕಾರ ಉತ್ರ ಎಷ್ಟು?" ಎಂದಳು.

ಸೂತ್ರದಲ್ಲಿ ಹಾಕಿ ನೋಡಿದೆವು. ಮೈನಸ್ ಒಂದು!

"ಅಂದ್ರ ಊರಿನ ದೋಸೆ ಎಲ್ಲಾ ತಿಂದ್ರೂ ಹೋಟೆಲ್ನೋರೇ ನಮ್ಗೆ ಇನ್ನೊಂದು ದೋಸೆ ಕೊಡ್ಬೇಕು ಅಂದಂಗಾತಲ್ರಿ ಮೇಡಂ" ಎಂದಳು ನೀಲಾ. ಸಪ್ಲೈಯರು ಗಾಬರಿಯಿಂದ ಮಾಲೀಕರ ಕಡೆ ನೋಡಿದ.

"ಸೂತ್ರ ಸುಳ್ಳು ಹೇಳಲ್ಲ" ಎಂದಳು ಅತ್ತೆ. "ಅದನ್ನ ಅದ್ರ ಸೀಮೆ ದಾಟಿಸಿ ಕರ್ಕೊಂಡು ಹೋದ್ರಿ. ತಪ್ಪು ನಿಮ್ದು."

ಈ ನೀಲಾಳ ವಿಷಯ ಇಲ್ಲಿ ಹೇಳಲೇಬೇಕು. ಅವಳು ಭಾನುವಳ್ಳಿಯವಳು. ಬೆಳಿಗ್ಗೆ ಬಸ್ಸಿನಲ್ಲಿ ಹರಿಹರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ದಾವಣಗೆರೆಗೆ ಬರುತ್ತಿದ್ದಳು. ಅವಳಪ್ಪನಿಗೆ ಕಾಲುವೆ ನೀರಿನ ಗದ್ದೆಯಿತ್ತು, ಊಟಕ್ಕೆ ತೊಂದರೆಯಿರಲಿಲ್ಲ. ಆದರೆ ಮಗಳ ಓದಿನ ಬಗ್ಗೆ ಆತ ಒಂದೇ ಮಾತು ಹೇಳಿದ್ದ: "ಒಂದೇ ಏಟಿಗೆ ಪಾಸಾದ್ರೆ ಮುಂದ ಎಮ್ಮೆಸ್ಸಿ ಓದು. ಒಂದು ಪೇಪರ್ ಹೋದ್ರೂ ನಿನ್ನ ಸೋದ್ರಮಾವನ ಮಗ ಕಾಯಾಕತ್ಯಾನ." ಸೋದರಮಾವನ ಮಗನೇನು ಕೆಟ್ಟವನಲ್ಲ. ಆದರೆ ನೀಲಾಗೆ ಬೇಕಿದ್ದುದು ಅವನಲ್ಲ, ಗಣಿತ. ನಮ್ಮತ್ತೆ ಹೇಳಿದ್ದನ್ನು ನಾವೆಲ್ಲ ಬರೆದುಕೊಳ್ಳುತ್ತಿದ್ದೆವು, ಅವಳು ಮಾತ್ರ ಜಗಳ ಆಡುತ್ತಿದ್ದಳು. ಅತ್ತೆಗೆ ಅದಕ್ಕೇ ಅವಳ ಮೇಲೆ ಪ್ರಾಣ.

ಲಾಗರಿದಮ್ಮಿನ ಶ್ರೇಣಿ ಬಂದಾಗಲೂ ಹಾಗೇ ಆಯಿತು. ‘ಒಂದು ಕೂಡು ಎಕ್ಸ್’ನ ಲಾಗ್ ಅನ್ನು ಬಿಡಿಸಿ ಬರೆದ ಅತ್ತೆ, "ಎಕ್ಸ್ ಒಂದರ ತನಕ ಮಾತ್ರ. ಅದನ್ನ ದಾಟಿದ್ರೆ ಇದು ನಿಲ್ಲಲ್ಲ" ಎಂದಳು.

"ಯಾಕ್ರಿ ಮೇಡಂ?" ನೀಲಾ ಎದ್ದು ನಿಂತಳು. "ಹಿಂದಕ್ಕ ಮೈನಸ್ ಒಂದಕ್ಕ ಹೋದ್ರ ಲಾಗಿನ ಒಳಗ ಸೊನ್ನೆ ಬಂದು ಎಲ್ಲಾ ಕೆಡ್ತೈತೆ, ಒಪ್ದೆ. ಮುಂದಕ್ಕೇನಾಗೈತೆ? ಎರಡರಾಗೂ ಲಾಗ್ ಐತೆ, ಹತ್ತರಾಗೂ ಐತೆ. ಹಾದಿ ಬಯಲೈತಲ್ಲ!"

ಅತ್ತೆಯ ಮುಖ ಬೆಳಗಿತು. ಸೀಮೆಸುಣ್ಣ ಕೆಳಗಿಟ್ಟು, "ಆನೆಕೊಂಡದಾಗ ನಮ್ಮವ್ವ ಹಸ ಕಟ್ತಾಳೆ" ಎಂದು ಶುರುಮಾಡಿದಳು. "ಗೂಟದ ಹಿಂದ ಮಾರು ದೂರದಾಗ ಒಂದು ಹಾಳು ಬಾವಿ. ಮುಂದೆಲ್ಲಾ ಹಸಿರು ಹುಲ್ಲು. ಹಗ್ಗ ಎಷ್ಟುದ್ದ ಬಿಡ್ತಾಳೆ?"

"ಬಾವಿ ಮುಟ್ಟದಷ್ಟು."

"ಮತ್ತೆ ಮುಂದಿನ ಹುಲ್ಲು?"

ನೀಲಾ ಸ್ವಲ್ಪ ಯೋಚಿಸಿದಳು. "ಹಗ್ಗ ಒಂದೇ ಅಲ್ರಿ… ಮುಂದಕ್ಕೂ ಅಷ್ಟೇ ಸಿಗ್ತೈತೆ."

"ಕೂಡ್ರು" ಎಂದಳು ಅತ್ತೆ. ನಿಜ ಹೇಳುತ್ತೇನೆ, ನಮ್ಮ ದಪ್ಪ ಪುಸ್ತಕ ಪುಟಗಟ್ಟಲೆ ಹೇಳಿದ್ದು ನನ್ನ ತಲೆಗೆ ಹತ್ತಿರಲಿಲ್ಲ. ಅಜ್ಜಿಯ ಹಸು ಹತ್ತಿತು, ಇವತ್ತಿಗೂ ಇಳಿದಿಲ್ಲ.

ಹೀಗೆ ತಯಾರಾದ ಸೈನ್ಯ ಕೊನೆಯ ವರ್ಷದ ಪರೀಕ್ಷೆಗೆ ಹೋಯಿತು. ಆ ಸಲ ನಮಗೆ ಕೇಂದ್ರ ಬಿದ್ದದ್ದು ಹರಿಹರದಲ್ಲಿ. ಗಣಿತದ ಪೇಪರಿನ ದಿನ ಭಾನುವಳ್ಳಿಯ ಬಸ್ಸು ದಾರಿಯಲ್ಲಿ ಕೈಕೊಟ್ಟು, ನೀಲಾ ಏದುಸಿರು ಬಿಡುತ್ತಾ ಒಳಗೆ ಬರುವ ಹೊತ್ತಿಗೆ ನಾವೆಲ್ಲ ಎರಡು ಲೆಕ್ಕ ಮುಗಿಸಿದ್ದೆವು. ಅವಳಿಗೆ ಎಲ್ಲವನ್ನೂ ಬರೆಯುವಷ್ಟು ಸಮಯ ಸಿಗುವುದಿಲ್ಲ, ಮುಟ್ಟಿದ್ದೆಲ್ಲ ಸರಿಯಾದರೆ ಮಾತ್ರ ಪಾಸು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪುಟ ತಿರುಗಿಸಿದೆ. ಹತ್ತು ಅಂಕದ, ಬಿಡುವಂತಿಲ್ಲದ ಪ್ರಶ್ನೆ: ‘ಒಂದು ಕೂಡು ಎಕ್ಸ್’ನ ಲಾಗ್ ಅನ್ನು ಶ್ರೇಣಿಯಾಗಿ ಬಿಡಿಸಿ, ಅದೇ ಶ್ರೇಣಿಯಲ್ಲಿ ಎಕ್ಸ್ ಎರಡು ಎಂದು ಹಾಕಿ, ಲಾಗ್ ಮೂರರ ಬೆಲೆ ಕಂಡುಹಿಡಿಯಿರಿ!

ಎರಡು! ಹಗ್ಗ ಇರುವುದು ಒಂದರ ತನಕ, ಹಾಕಬೇಕಾದದ್ದು ಎರಡು! ನಾನು ತಲೆ ಎತ್ತಿದೆ. ನಮ್ಮ ಕಾಲೇಜಿನ ಅಷ್ಟೂ ತಲೆಗಳು ಮೇಲೆದ್ದಿದ್ದವು. ಉಳಿದ ಕಾಲೇಜುಗಳವರು ತಲೆ ತಗ್ಗಿಸಿ ಸರಸರನೆ ಬರೆಯುತ್ತಿದ್ದರು. ಕಾವಲಿಗಿದ್ದ ಮಾಸ್ತರರು, "ಏನ್ರವ್ವಾ, ಎಲ್ರೂ ಒಂದೇ ಸಲಕ್ಕೆ ಮ್ಯಾಲೆ ನೋಡ್ತೀರಲ್ಲ, ಫ್ಯಾನಿನ ಮ್ಯಾಲೆ ಉತ್ರ ಬರ್ದೈತೇನು?" ಎಂದರು. ನಾವು ತಲೆ ತಗ್ಗಿಸಿದೆವು. ಶ್ರೇಣಿಯನ್ನು ಬಿಡಿಸಿ ಬರೆದು, ಕೆಳಗೆ, ‘ಎರಡು ಈ ಶ್ರೇಣಿಯ ಎಲ್ಲೆಯ ಹೊರಗಿದೆ, ಆದ್ದರಿಂದ ಹಾಕುವಂತಿಲ್ಲ’ ಎಂದು ಕಾರಣ ಸಮೇತ ಬರೆದೆವು.

ಗೇಟಿನ ಹೊರಗೆ ಅತ್ತೆ ಕಾಯುತ್ತಿದ್ದಳು. ಪ್ರಶ್ನೆಪತ್ರಿಕೆ ಓದಿದಳು. ಕಣ್ಣು ಅಗಲವಾಯಿತು. "ಯಾರಾದ್ರೂ ಎರಡು ಹಾಕಿದ್ರಾ?"

"ಯಾರೂ ಇಲ್ರಿ ಮೇಡಂ."

ಆಹಾ, ಅವಳ ಸಂಭ್ರಮ ನೋಡಬೇಕಿತ್ತು! ನಡುರಸ್ತೆಯಲ್ಲಿ ಚಪ್ಪಾಳೆ ತಟ್ಟಿದಳು. ನಮ್ಮೆಲ್ಲರನ್ನೂ ತುಂಗಭದ್ರೆಯ ಮೆಟ್ಟಿಲ ಮೇಲೆ ಕೂರಿಸಿ ಮಂಡಕ್ಕಿ, ಮಿರ್ಚಿ ಕೊಡಿಸಿದಳು. ಪಕ್ಕದಲ್ಲಿ ಬೇರೆ ಕಾಲೇಜಿನ ಹುಡುಗರು ಉತ್ತರ ತಾಳೆ ನೋಡುತ್ತಿದ್ದರು. ಶ್ರೇಣಿಯ ಮೊದಲ ಎರಡು ಪದ ಕೂಡಿಸಿ ನಿಲ್ಲಿಸಿದವನಿಗೆ ಸೊನ್ನೆ ಬಂದಿತ್ತು. ಮೂರು ಕೂಡಿಸಿದವನಿಗೆ ಎರಡು ಪಾಯಿಂಟ್ ಆರು ಏಳು. ನಾಲ್ಕು ಕೂಡಿಸಿದ ಶ್ರಮಜೀವಿಗೆ ಮೈನಸ್! "ನಿಂದ್ಯಾಕಲೇ ಮೈನಸ್ ಬಂತು?" ಎಂದು ಅವರಲ್ಲೇ ಕುಸ್ತಿ ಶುರುವಾಯಿತು. ಅತ್ತೆ ಮಿರ್ಚಿ ಕಚ್ಚುತ್ತಾ ಆ ಕುಸ್ತಿಯನ್ನು ಸಂಗೀತ ಕಛೇರಿಯಂತೆ ಕೇಳಿದಳು. ನೀಲಾ ಮಾತ್ರ ಮಂಡಕ್ಕಿ ಮುಟ್ಟಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆವು. ಅಪ್ಪ ಎಲ್ಲವನ್ನೂ ಕೇಳಿ, ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಎಲ್ಲಾ ಸರಿ ಐತವ್ವಾ. ಆ ಹತ್ತು ಮಾರ್ಕ್ಸು ಯಾರು ಕೊಡ್ತಾರೆ?" ಎಂದರು.

"ಗಣಿತ ನಮ್ಮ ಕಡೆ ಐತಣ್ಣ."

"ಗಣಿತ ಮಾರ್ಕ್ಸು ಹಾಕಲ್ಲ ತಂಗೀ. ಮನುಷ್ಯರು ಹಾಕ್ತಾರೆ."

ಅತ್ತೆಯ ನಗು ಅಲ್ಲಿಗೆ ನಿಂತಿತು. ಅಪ್ಪನ ಮಾತೇ ನಿಜವಾಯಿತು. ಅವಳ ಕಾಲೇಜು ಚಿಕ್ಕದು, ಪರೀಕ್ಷಕರಾಗಿ ಅವಳನ್ನು ಯಾರೂ ಕರೆದಿರಲಿಲ್ಲ. ಆದರೆ ಊರಿನ ದೊಡ್ಡ ಕಾಲೇಜಿನಲ್ಲಿ ಪೇಪರು ತಿದ್ದಲು ಕೂತಿದ್ದ ಪರಿಚಯದ ಮೇಷ್ಟ್ರೊಬ್ಬರು ಬೆಲ್ಲ ಕೊಳ್ಳಲು ಬಂದವರು ಸುದ್ದಿ ತಂದರು. ಪರೀಕ್ಷಕರಿಗೆ ಕೊಟ್ಟ ಮಾದರಿ ಉತ್ತರದಲ್ಲಿ ಲಾಗ್ ಮೂರು ಎಂದರೆ ಎರಡು ಪಾಯಿಂಟ್ ಆರು ಏಳು ಎಂದೇ ಇದೆಯಂತೆ! ‘ಹಾಕುವಂತಿಲ್ಲ’ ಎಂದು ಬರೆದ ಪೇಪರುಗಳು ಬಂದಾಗ, ಕೊನೆಯ ಉತ್ತರ ಇಲ್ಲವೆಂದು, ಶ್ರೇಣಿ ಬಿಡಿಸಿದ್ದಕ್ಕಷ್ಟೇ ಚಿಲ್ಲರೆ ಅಂಕ ಹಾಕಿ ಪಕ್ಕಕ್ಕೆ ಸರಿಸುತ್ತಿದ್ದಾರಂತೆ.

ಮಂಡಿಪೇಟೆಯಲ್ಲಿ ಸುದ್ದಿ ನಿಲ್ಲುತ್ತದೆಯೇ? "ಎಲ್ಲಿತನಕ ಎಲ್ಲಿತನಕ ಅಂತ ಹುಡುಗೀರ್ನ ಫೇಲ್ ಮಾಡಿಸಿದ್ಲಂತೆ" ಎಂದು ಜನ ಆಡಿಕೊಂಡರು. ಅತ್ತೆ ಬೆನ್ನು ನೇರ ಮಾಡಿಕೊಂಡೇ ಓಡಾಡಿದಳು. ಯಾರಾದರೂ ಕೇಳಿದರೆ, "ಅವರು ಬರ್ದಿದ್ದು ಸರಿ ಐತೆ" ಎನ್ನುವಳು, ಮತ್ತೇನಿಲ್ಲ. ನನಗಂತೂ ಅವಳು ಕಲ್ಲಿನಲ್ಲಿ ಮಾಡಿದವಳಂತೆ ಕಂಡಳು. ಆ ಹತ್ತು ಅಂಕ ಹೋದರೂ ನನಗೆ ಹೇಗೋ ನಡೆಯುತ್ತಿತ್ತು. ನೀಲಾಗೆ ನಡೆಯುತ್ತಿರಲಿಲ್ಲ. ಅವಳ ಸೋದರಮಾವನ ಮನೆಯವರು ಆಗಲೇ ಒಮ್ಮೆ ಬಂದು ಮಾತಾಡಿಕೊಂಡು ಹೋಗಿದ್ದರು.

ಒಂದು ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, "ನಡಿ, ಹೋಗನ" ಎಂದಳು. ಪೇಪರು ತಿದ್ದುವ ಕಾಲೇಜಿನ ಕಾರಿಡಾರಿನಲ್ಲಿ ಜವಾನ ನನ್ನನ್ನು ಹೊರಗೆ ಕೂರಿಸಿದ. ಅತ್ತೆ ಒಬ್ಬಳೇ ಪರೀಕ್ಷಾ ಮಂಡಳಿಯ ಅಧ್ಯಕ್ಷರ ಕೋಣೆಗೆ ಹೋದಳು. ಆ ಕೋಣೆಗಿದ್ದದ್ದು ಅರ್ಧ ಬಾಗಿಲು, ಸಿನಿಮಾದ ಪೊಲೀಸ್ ಠಾಣೆಯಲ್ಲಿರುತ್ತದಲ್ಲ, ಅಂಥದು. ಒಳಗಿನ ಒಂದೊಂದು ಮಾತೂ ನನಗೆ ಕೇಳಿಸುತ್ತ ಹೋಯಿತು.

"ಮಾದರಿ ಉತ್ರ ಹೊರಟು ಹೋಗೈತ್ರಿ ಮೇಡಂ, ಈಗ ಬದ್ಲಾಯ್ಸಾಕೆ ಬರಲ್ಲ" ಎಂದರು ಅಧ್ಯಕ್ಷರು. "ಸಾವಿರಾರು ಹುಡುಗರು ಬರ್ದಾರೆ. ನಿಮ್ಮ ಹುಡುಗೀರಿಗೆ ಮಾತ್ರ ಏನು ತೊಂದ್ರೆ?"

"ಸರ್, ಕ್ಯಾಲ್ಕುಲೇಟರ್ ಐತೇನ್ರಿ?"

"ಐತೆ."

"ನ್ಯಾಚುರಲ್ ಲಾಗ್ ಮೂರು ಒತ್ರಿ."

"ಒಂದು ಪಾಯಿಂಟ್ ಸೊನ್ನೆ ಒಂಬತ್ತು ಎಂಟು ಆರು."

"ನಿಮ್ಮ ಹಾಳ್ಯಾಗ ಎಷ್ಟೈತ್ರಿ?"

ಅಧ್ಯಕ್ಷರು ಕೆಮ್ಮಿದರು. "ಎರಡು ಪಾಯಿಂಟ್ ಆರು ಏಳು. ಅಂದಾಜು ಅಲ್ರೀ, ಮೂರೇ ಪದ ತಗೊಂಡೀವಿ. ಇನ್ನೂ ಕೂಡಿಸಿದ್ರೆ ಹತ್ರ ಬರ್ತೈತೆ."

"ಕೂಡಿಸ್ರಿ ಸರ್."

ಗುಂಡಿ ಒತ್ತುವ ಸದ್ದು. "ಮೈನಸ್ ಒಂದು ಪಾಯಿಂಟ್ ಮೂರು ಮೂರು."

"ಇನ್ನೊಂದು ಕೂಡಿಸ್ರಿ."

"ಐದು ಪಾಯಿಂಟ್ ಸೊನ್ನೆ ಏಳು." ಈಗ ದನಿ ಸಣ್ಣಗಾಗಿತ್ತು.

"ಇನ್ನೊಂದು."

ಮತ್ತೆ ಗುಂಡಿಯ ಸದ್ದು. "ಮೈನಸ್ ಐದು ಪಾಯಿಂಟ್ ಆರು."

"ಇನ್ನೊಂದು ಕೂಡಿಸ್ತೀರೇನ್ರಿ ಸರ್?"

"ಬ್ಯಾಡ ತಾಯಿ, ಸಾಕು!" ಎಂದರು ಅಧ್ಯಕ್ಷರು. ಆಮೇಲೆ, ದೊಡ್ಡ ಮನುಷ್ಯರು ಎನ್ನಬೇಕು, ಗಟ್ಟಿಯಾಗಿ ನಕ್ಕುಬಿಟ್ಟರು. "ಪ್ರಶ್ನೆ ತೆಗ್ದೋರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಕೂಡ್ರಿ ಮೇಡಂ. ಮತ್ತೆ ಇದನ್ನ ಸರಿಯಾಗಿ ಕೇಳೋದು ಹೆಂಗೆ?"

ಅತ್ತೆ ಅದನ್ನೂ ತೋರಿಸಿದಳು. ‘ಒಂದು ಕೂಡು ಎಕ್ಸ್’ ಅನ್ನು ‘ಒಂದು ಕಳೆ ಎಕ್ಸ್’ನಿಂದ ಭಾಗಿಸಿ, ಅದರ ಲಾಗ್ ಬಿಡಿಸಿ, ಎಕ್ಸ್ ಅರ್ಧ ಎಂದು ಹಾಕಿದರೆ ಒಳಗೆ ಮೂರೇ ಬರುತ್ತದೆ. ಅರ್ಧ ಎಲ್ಲೆಯ ಒಳಗೇ ಇದೆ. ಮೂರು ಪದಕ್ಕೇ ಒಂದು ಪಾಯಿಂಟ್ ಸೊನ್ನೆ ಒಂಬತ್ತು ಆರರ ಹತ್ತಿರ ಬಂದು ನಿಂತಿತು. ಅಧ್ಯಕ್ಷರು ಎದ್ದು ಬಾಗಿಲಿಗೆ ಬಂದು, ಸಭಾಂಗಣದಲ್ಲಿ ಪೇಪರು ತಿದ್ದುತ್ತಿದ್ದ ಪರೀಕ್ಷಕರನ್ನೆಲ್ಲ ಕರೆದರು. "ಎಲ್ರೂ ಬರ್ರಿ ಇಲ್ಲಿ. ಪೆನ್ನು ಕೆಳಗಿಟ್ಟು ಬರ್ರಿ. ಇವ್ರು ಹೇಳೋದು ಕೇಳ್ರಿ."

ಕೋಟು ಹಾಕಿದವರು, ನೆರೆತ ತಲೆಯವರು, ದಪ್ಪ ಪುಸ್ತಕ ಬರೆದವರು ಎಲ್ಲ ಬಂದು ನಿಂತರು. ಕೋಣೆ ತುಂಬಿ ಬಾಗಿಲೂ ತುಂಬಿತು. ನನಗೆ ಬೆನ್ನುಗಳಷ್ಟೇ ಕಾಣುತ್ತಿದ್ದವು. ಆ ಬೆನ್ನುಗಳ ಆಚೆಯಿಂದ ನಮ್ಮತ್ತೆಯ ದನಿ ಕೇಳಿಸಿತು: "ಆನೆಕೊಂಡದಾಗ ನಮ್ಮವ್ವ ಹಸ ಕಟ್ತಾಳ್ರಿ…" ಯಾರೋ ಹಿರಿಯರು, "ಇನ್ನೊಂದ್ಸಲ ಹೇಳ್ರಿ ಮೇಡಂ, ಹಗ್ಗದ್ದು" ಎಂದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ನನ್ನ ಹೆಮ್ಮೆಗೆ ಆಗ ಯಾವ ಎಲ್ಲೆಯೂ ಇರಲಿಲ್ಲ. ಜವಾನನಿಗೆ, "ಅವ್ರು ನಮ್ಮತ್ತೆ" ಎಂದೆ. ಆತ "ಗೊತ್ತಾತು ಬಿಡವ್ವ" ಎಂದ, ನಾನು ಆಗಲೇ ಬೇಕಾದಷ್ಟು ಸಲ ಹೇಳಿಬಿಟ್ಟಿದ್ದೆ.

ತೀರ್ಮಾನ ಮಾತ್ರ ಅತ್ತೆಗೆ ರುಚಿಸಲಿಲ್ಲ. ಆ ಪ್ರಶ್ನೆ ಮುಟ್ಟಿದವರಿಗೆಲ್ಲ ಪೂರ್ತಿ ಹತ್ತು ಅಂಕ ಎಂದರು ಅಧ್ಯಕ್ಷರು.

"ಮೈನಸ್ ಬರ್ದೋರಿಗೂ?" ಎಂದು ಅತ್ತೆ ಮತ್ತೆ ಎದ್ದಳು.

"ಮೇಡಂ, ನಿಮ್ಮ ಹುಡುಗೀರು ಪಾಸಾಗೋದು ಬೇಕೋ, ಉಳಿದೋರು ಫೇಲಾಗೋದು ಬೇಕೋ?"

"ಆತು, ಎಲ್ರಿಗೂ ಕೊಡ್ರಿ" ಎಂದಳು ಅತ್ತೆ, ‘ಎಲ್ಲಿತನಕ’ ಎಂದು ಕೇಳದೆ! ಫಲಿತಾಂಶ ಬಂದಾಗ ನಾವೆಲ್ಲರೂ ಪಾಸು. ನೀಲಾ ಕೂದಲೆಳೆಯಲ್ಲಿ ಪಾರಾದಳು, ಸೋದರಮಾವನ ಮಗನಿಗೆ ಬೇರೆ ಕಡೆ ಹೆಣ್ಣು ನೋಡಿದರು, ಅವಳು ಎಮ್ಮೆಸ್ಸಿಗೆ ಸೇರಿದಳು. ಆದರೆ ನಾನು ಹೇಳಬೇಕೆಂದುಕೊಂಡಿದ್ದು ಅದನ್ನಲ್ಲ. ಅವತ್ತು ಅತ್ತೆ ಅಧ್ಯಕ್ಷರ ಕೋಣೆಯಿಂದ ಹೊರಗೆ ಬಂದ ಮೇಲೆ ಏನಾಯಿತು ಎಂಬುದನ್ನು.

ಬೆನ್ನು ನೇರವಾಗಿಯೇ ಬಂದಳು. ಕಾಲೇಜಿನ ಬೇವಿನ ಮರದ ಕಟ್ಟೆಯವರೆಗೆ ಹಾಗೇ ನಡೆದಳು. ಅಲ್ಲಿ ಸಟ್ಟನೆ ಕುಸಿದು ಕೂತು, "ನೀರು ಕೊಡು" ಎಂದಳು. ಬಾಟಲಿ ಕೊಟ್ಟರೆ ಮುಚ್ಚಳ ತಿರುಗಿಸಲು ಅವಳ ಕೈಲಿ ಆಗಲಿಲ್ಲ. ನಾನೇ ತೆಗೆದುಕೊಟ್ಟೆ.

"ಪೇಪರ್ ಮುಗಿದಾಗಿಂದ ಕಣ್ಣಿಗೆ ನಿದ್ದಿ ಹತ್ತಿಲ್ಲ ಕಣೇ" ಎಂದಳು. "ದಿನಾ ದೇವ್ರಿಗೆ ಏನು ಬೇಡ್ಕಂತಿದ್ದೆ ಗೊತ್ತೇನು? ಆ ನೀಲಾ ಒಬ್ಳಾದ್ರೂ ನನ್ನ ಮಾತು ಮೀರಿ ಎರಡು ಹಾಕಿ ಬರ್ದಿರ್ಲಪ್ಪ ಅಂತ. ಗಣಿತಕ್ಕೇನಾಗ್ತೈತೆ? ಅದು ಫೇಲಾಗಲ್ಲ. ಫೇಲಾಗ್ತಿದ್ದೋಳು ನೀಲಾ."

ಅಷ್ಟು ದಿನ ನಾನು ಅವಳಿಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತಿತ್ತು. ಕೇಳಿದರೆ ಅವಳ ಸಂಕಟ ಹೆಚ್ಚಾದೀತೆಂದು ಹೇಳಿರಲಿಲ್ಲ. ಈಗ ಹೇಳಿದೆ.

"ಅತ್ತೆ, ಅವ್ಳು ಹಾಕಿದ್ಲು."

ಅತ್ತೆ ನನ್ನ ಮುಖವನ್ನೇ ನೋಡಿದಳು.

"ಎರಡು ಹಾಕಿ ಪೂರ್ತಿ ಬರ್ದಿದ್ಲಂತೆ. ಎರಡು ಪಾಯಿಂಟ್ ಆರು ಏಳು ಅಂತಾನೇ ಬಂದಿತ್ತಂತೆ. ಆಮೇಲೆ ಗೀಟು ಎಳೆದು ಹೊಡೆದುಹಾಕಿದ್ಲು. ಪಾಸಾಗಲ್ಲ ಅಂತ ಗೊತ್ತಿದ್ದೇ ಹೊಡೆದುಹಾಕಿದ್ಲು. ಯಾಕೇ ಅಂತ ಬೈದೆ. ‘ತಪ್ಪು ಅಂತ ಗೊತ್ತಿದ್ದೂ ಬರ್ದು ಪಾಸಾದ್ರೆ ಮೇಡಂ ಮುಂದೆ ಹೆಂಗೆ ನಿಂತ್ಕಳ್ಳಿ? ಅವ್ರು ನಮ್ಮನ್ನ ಅಷ್ಟು ನಂಬ್ಯಾರೆ’ ಅಂದ್ಲು."

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹುಚ್ಚಿ" ಎಂದಳು. ಮತ್ತೆ, "ನನ್ನ ಹುಚ್ಚಿ" ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವಳ ಬೆನ್ನು ಸವರಿದೆ.

ಅಷ್ಟರಲ್ಲಿ ಪರೀಕ್ಷಕರೆಲ್ಲ ಚಹಾಕ್ಕೆಂದು ಗುಂಪಾಗಿ ಹೊರಗೆ ಬರತೊಡಗಿದರು. ನಾನು ಎದ್ದು ಅವಳಿಗೆ ಅಡ್ಡವಾಗಿ ನಿಂತುಕೊಂಡೆ. ಈಗಷ್ಟೇ ಅವರಿಗೆಲ್ಲ ಪಾಠ ಹೇಳಿ ಬಂದವಳು ನಮ್ಮತ್ತೆ. ಅವಳ ಕಣ್ಣೀರು ನೋಡುವ ಹಕ್ಕು ಅವರಲ್ಲಿ ಯಾರಿಗೂ ಇರಲಿಲ್ಲ, ನನಗೆ ಮಾತ್ರ ಇತ್ತು.